ಮಗುವಿಗೆ ಹುಷಾರಿಲ್ಲ, ರಜೆ ಯಾರು ಹಾಕಬೇಕು? ಒಂದು ಮನೆ, ಎರಡು ಕಾಯಿಲೆ

ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ನಾಲ್ಕು ವರ್ಷದ ಮಗಳು, ಒಬ್ಬಳೇ. ತಾಯಿ ಒಂದು ಸಂಸ್ಥೆಯ ಅಕೌಂಟ್ಸ್ ವಿಭಾಗದಲ್ಲಿದ್ದಾರೆ, ತಂದೆ ಬೇರೆ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಅಜ್ಜ ಅಜ್ಜಿ ಇದ್ದಾರೆ, ಆದರೆ ದೂರದಲ್ಲಿದ್ದಾರೆ, ಕರೆದ ತಕ್ಷಣ ಬರುವ ಸ್ಥಿತಿ ಅವರದಲ್ಲ. ತಾಯಿ ಕೆಲಸ ಮಾಡುವ ಸಂಸ್ಥೆಯ ಸಿಬ್ಬಂದಿ ವಿಭಾಗದಲ್ಲಿ ನಾನಿದ್ದೇನೆ, ರಜೆ ಅರ್ಜಿಗಳೆಲ್ಲ ನನ್ನ ಮೇಜು ದಾಟಿಯೇ ಹೋಗಬೇಕು. ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಅಲ್ಲಿ ಇಲ್ಲಿ ಒಂದಿಷ್ಟು ಬದಲಿಸಿದ್ದೇನೆ.

ಕೆಲವೇ ತಿಂಗಳ ಅಂತರದಲ್ಲಿ ಈ ಮಗುವಿಗೆ ಎರಡು ಸಲ ಹುಷಾರು ತಪ್ಪಿತು. ಅದೇ ಅಪ್ಪ ಅಮ್ಮ, ಅದೇ ಕೆಲಸ, ಅದೇ ರಜೆ ನಿಯಮ. ಮೊದಲ ಸಲ ಮನೆ, ಆಫೀಸು ಎರಡೂ ಕಡೆ ಎಡವಟ್ಟಾಯಿತು. ಎರಡನೇ ಸಲ ಹಾಗಾಗಲಿಲ್ಲ. ನಡುವೆ ಬದಲಾದದ್ದು ರಜೆ ಯಾರು ಹಾಕಬೇಕು ಅಂತ ತೀರ್ಮಾನಿಸುವ ರೀತಿ ಮಾತ್ರ.

ಮೊದಲ ಸಲ

ಭಾನುವಾರ ರಾತ್ರಿ ಮೈ ಬಿಸಿಯಾಗಿದೆ ಅನ್ನಿಸಿತು. ಸೋಮವಾರ ಬೆಳಿಗ್ಗೆ ನೋಡಿದರೆ 102 ಡಿಗ್ರಿ. ತಂದೆಗೆ ಬೆಳಿಗ್ಗೆ 6ರ ಶಿಫ್ಟು. ಬಾಗಿಲ ಹತ್ತಿರ ನಡೆದ ಮಾತು ಇಷ್ಟೇ: "ನಿನ್ನದು ಲ್ಯಾಪ್‌ಟಾಪ್ ಕೆಲಸ ಅಲ್ವಾ, ಇವತ್ತೊಂದು ದಿನ ಮನೆಯಿಂದಲೇ ಮಾಡು." ತಾಯಿಗೂ ಅದು ಸರಿ ಅನ್ನಿಸಿತು. ಮಷೀನು ಮನೆಗೆ ತರುವುದಕ್ಕೆ ಆಗುತ್ತಾ? ಆಗಲ್ಲ. ಲ್ಯಾಪ್‌ಟಾಪ್ ಮನೆಯಲ್ಲೇ ಇದೆ. ಹಾಗಾಗಿ ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ ಅಂತ ಇಬ್ಬರೂ ಅಂದುಕೊಂಡರು.

ಮ್ಯಾನೇಜರ್‌ಗೆ ಮೆಸೇಜು ಹೋಯಿತು. "ಸರ್, ಮಗಳಿಗೆ ಜ್ವರ, ಇವತ್ತು ಮನೆಯಿಂದ ಕೆಲಸ ಮಾಡ್ತೀನಿ." ಉತ್ತರವೂ ಕೂಡಲೇ ಬಂತು. "ಖಂಡಿತ ಮೇಡಂ, ಮಗು ಮುಖ್ಯ. ಬ್ಯಾಂಕ್ ರೀಕನ್ಸಿಲಿಯೇಷನ್ ಮಾತ್ರ ಇವತ್ತು ಮುಗಿಸಿಬಿಡಿ." ತಿಂಗಳ ಕ್ಲೋಸಿಂಗ್, ಅಂದರೆ ತಿಂಗಳ ಲೆಕ್ಕ ಮುಗಿಸುವ ಸಮಯ ಅದು. ರೀಕನ್ಸಿಲಿಯೇಷನ್ ಅಂದರೆ ಬ್ಯಾಂಕಿನ ಲೆಕ್ಕವನ್ನೂ ನಮ್ಮ ಪುಸ್ತಕದ ಲೆಕ್ಕವನ್ನೂ ತಾಳೆ ನೋಡುವುದು. ಮ್ಯಾನೇಜರ್ ಕೆಟ್ಟವರಲ್ಲ, ನಿಜವಾಗಿಯೂ ಮಗು ಮುಖ್ಯ ಅಂದುಕೊಂಡೇ ಬರೆದದ್ದು. ಆದರೆ ಆ ಎರಡು ವಾಕ್ಯಗಳು ಒಟ್ಟಿಗೆ ನಡೆಯುವಂಥವಲ್ಲ. ನಾಲ್ಕು ವರ್ಷದ ಮಗುವಿಗೆ ಜ್ವರ ಬಂದರೆ ಅದು ಮಲಗಿಕೊಂಡಿರುತ್ತೆ, ನಾವು ಪಕ್ಕದಲ್ಲಿ ಕೂತು ಕೆಲಸ ಮಾಡಬಹುದು ಅಂತ ಮಕ್ಕಳಿಲ್ಲದವರು ಅಂದುಕೊಳ್ಳುತ್ತಾರೆ, ಮಕ್ಕಳು ದೊಡ್ಡವರಾದ ಮೇಲೆ ಮರೆತವರೂ ಅಂದುಕೊಳ್ಳುತ್ತಾರೆ. ಜ್ವರ ಇಳಿದಾಗ ಮಗು ಎದ್ದು ಆಡುತ್ತೆ, ಏರಿದಾಗ ತೊಡೆ ಬಿಟ್ಟು ಇಳಿಯುವುದಿಲ್ಲ. ನೀರು ಗುಟುಕು ಗುಟುಕಾಗಿ ಕುಡಿಸಬೇಕು. ಪ್ಯಾರಾಸಿಟಮಾಲ್ ತೂಕ ನೋಡಿ ಕೊಡಬೇಕು, ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಬಿಡಬೇಕು, ಹಿಂದಿನದು ಯಾವಾಗ ಕೊಟ್ಟದ್ದು ಅನ್ನುವುದು ನೆನಪಿರಬೇಕು.

ಸೋಮವಾರ, ಮಂಗಳವಾರ, ಬುಧವಾರ ಹೀಗೇ ನಡೆಯಿತು. ಹಗಲು ಅರ್ಧಂಬರ್ಧ ಕೆಲಸ, ಮಗು ಮಲಗಿದ ಮೇಲೆ ರಾತ್ರಿ ಒಂದು ಗಂಟೆವರೆಗೆ ಉಳಿದ ಕೆಲಸ. ಹಾಜರಿ ಪುಸ್ತಕದಲ್ಲಿ ಮೂರೂ ದಿನ ಪೂರ್ತಿ ಹಾಜರಿ. ಅಂದರೆ ಆಫೀಸಿನ ಪ್ರಕಾರ ಏನೂ ಆಗೇ ಇಲ್ಲ. ರಜೆ ಇದ್ದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಇಲ್ಲಿ ರಜೆಯೇ ಇಲ್ಲವಲ್ಲ, ಎಲ್ಲವೂ ಇವರ ಹತ್ತಿರವೇ ಬಂತು.

ಬುಧವಾರ ಮಧ್ಯಾಹ್ನ ತಾಯಿ ಒಂದು ವಿಡಿಯೋ ಮೀಟಿಂಗಿನಲ್ಲಿದ್ದರು. ಮಗು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಶಿಫ್ಟ್ ಮುಗಿಸಿ ಬಂದ ತಂದೆಗೆ ಉಸಿರಾಟ ಯಾಕೋ ಸರಿ ಇಲ್ಲ ಅನ್ನಿಸಿತು, ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಎಣಿಸಿದರು. ಒಂದರಿಂದ ಐದು ವರ್ಷದ ಮಗು ಸುಮ್ಮನಿರುವಾಗಲೂ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡುತ್ತಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ವೇಗದ ಉಸಿರಾಟ, ನ್ಯುಮೋನಿಯಾದ ಸೂಚನೆ. ಈ ಮಗುವಿನದು ಅದಕ್ಕಿಂತ ಮೇಲಿತ್ತು. ಪಕ್ಕೆಲುಬಿನ ಕೆಳಗೆ ಎದೆ ಒಳಗೆ ಎಳೆದುಕೊಳ್ಳುತ್ತಿತ್ತು. ಅದು ಇನ್ನೂ ಗಂಭೀರ. ಸಂಜೆಯೇ ಆಸ್ಪತ್ರೆಗೆ ಸೇರಿಸಿದರು, ಎರಡು ರಾತ್ರಿ ಅಲ್ಲೇ. ಆಂಟಿಬಯೋಟಿಕ್, ಒಂದಿಷ್ಟು ಆಕ್ಸಿಜನ್. ಶುಕ್ರವಾರ ಮನೆಗೆ.

ತಾಯಿ ಗಮನಿಸಲಿಲ್ಲ ಅಂತ ಇಲ್ಲಿ ಯಾರೂ ದೂರುವ ಹಾಗಿಲ್ಲ, ದೂರಿದರೆ ನಾನು ಒಪ್ಪುವುದೂ ಇಲ್ಲ. ಆಫೀಸಿನ ಕೆಲಸದಲ್ಲಿದ್ದವರು ಆಫೀಸಿನ ಕೆಲಸ ಗಮನಿಸುತ್ತಿದ್ದರು, ಅಷ್ಟೇ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಹಾಜರಿ ಹಾಕುವುದಕ್ಕೆ ಆಗಲ್ಲ.

ಗುರುವಾರದಿಂದ ಕೊನೆಗೂ ರಜೆ ಬಂತು. ಆ ವಾರದ ಎರಡು ದಿನ, ಮುಂದಿನ ವಾರ ಪೂರ್ತಿ. ಏಳು ಇ.ಎಲ್. (ಗಳಿಕೆ ರಜೆ) ಹೋಯಿತು. ತಂದೆ ಹಾಕಿದ್ದು ಒಂದೇ ದಿನ, ಆಸ್ಪತ್ರೆಗೆ ಸೇರಿಸಿದ ಮರುದಿನ. ಮಗು ನಿಧಾನವಾಗಿ ಚೇತರಿಸಿಕೊಂಡಿತು, ಕೆಮ್ಮು ಮಾತ್ರ ವಾರಗಟ್ಟಲೆ ಎಳೆಯಿತು.

ಇನ್ನು ಆಫೀಸಿನ ಕಥೆ. ಆ ಬುಧವಾರ ಮಾಡಿದ ಎಂಟ್ರಿಗಳಲ್ಲಿ ಸರಬರಾಜುದಾರರೊಬ್ಬರ ಒಂದೇ ಬಿಲ್ಲು ಎರಡು ಸಲ ಹತ್ತಿ, ಎರಡು ಸಲ ಹಣ ಹೋಗಿತ್ತು. ಅದು ಗೊತ್ತಾದದ್ದು ಮುಂದಿನ ತಿಂಗಳು. ಹಣ ವಾಪಸ್ ಬಂತು ಬಿಡಿ, ಆದರೆ ಅದನ್ನು ಹುಡುಕಿ, ಸರಿಪಡಿಸಿ, ಮೇಲಿನವರಿಗೆ ವಿವರಣೆ ಬರೆದುಕೊಡುವುದಕ್ಕೆ ಹೋದ ಸಮಯ ಆ ಮೂರು ದಿನ ನೇರವಾಗಿ ರಜೆ ಕೊಟ್ಟಿದ್ದರೆ ಹೋಗುತ್ತಿದ್ದದ್ದಕ್ಕಿಂತ ಜಾಸ್ತಿ. ವಿವರಣೆ ಬರೆಯಬೇಕಾಗಿ ಬಂದದ್ದೂ ತಾಯಿಗೇ.

ಯಾರ ಕೆಲಸ ಕಾಯುತ್ತೆ

ಆ ವಿವರಣೆ ಪತ್ರ ಬಂದಾಗಲೇ ನಾನು ಇದನ್ನು ಪೂರ್ತಿಯಾಗಿ ನೋಡಿದ್ದು. ಅವರನ್ನು ಕೂರಿಸಿಕೊಂಡು ಕೇಳಿದೆ, ಆಮೇಲೆ ಒಂದು ದಿನ ತಂದೆಯೂ ಬಂದರು. ಮಾತಿನ ನಡುವೆ ಅವರೇ ಹೇಳಿದ ಒಂದು ಸಂಗತಿ ಇಡೀ ಲೆಕ್ಕವನ್ನು ತಿರುಗಿಸಿತು.

ಅವರು ರಜೆ ಹಾಕಿದ ಆ ಒಂದು ದಿನ ಬೇರೆ ಸೂಪರ್‌ವೈಸರ್ ಶಿಫ್ಟ್ ನೋಡಿಕೊಂಡಿದ್ದರು. ಮರುದಿನ ಹೋದಾಗ ಲಾಗ್ ಬುಕ್ಕಿನಲ್ಲಿ ಸಹಿ ಆಗಿತ್ತು, ಬಾಕಿ ಅಂತ ಏನೂ ಇರಲಿಲ್ಲ. ಆ ದಿನದ ಕೆಲಸ ಆ ದಿನವೇ ಮುಗಿದಿತ್ತು, ಬೇರೆಯವರ ಕೈಯಲ್ಲಿ. ತಾಯಿ ಏಳು ದಿನ ರಜೆ ಹಾಕಿ ಬಂದಾಗ ಏನಿತ್ತು? ಏಳು ದಿನದ ಕೆಲಸ ಹಾಗೇ ಕೂತಿತ್ತು. ಸಹೋದ್ಯೋಗಿಗಳು ತೀರಾ ಅರ್ಜೆಂಟ್ ಇದ್ದದ್ದನ್ನು ಮಾತ್ರ ಮುಟ್ಟಿದ್ದರು. ರಜೆಯಲ್ಲಿ ಸಂಬಳ ಬಂತು, ನಿಜ. ಆದರೆ ಆ ಏಳು ದಿನದ ಕೆಲಸವನ್ನು ಆಮೇಲೆ ಸಂಜೆಗಳಲ್ಲಿ ಕೂತು ಪುಕ್ಕಟೆ ಮಾಡಿಕೊಟ್ಟರು.

ಮನೆಯಿಂದ ಮಾಡಬಹುದಾದ ಕೆಲಸವೇ ಬಿಡುವುದಕ್ಕೆ ಸುಲಭ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಇಲ್ಲಿ ಅದು ಉಲ್ಟಾ. ಮನೆಗೆ ತರುವುದಕ್ಕೇ ಆಗದ ಕೆಲಸಕ್ಕೆ ಬದಲಿ ಜನ ಮೊದಲಿನಿಂದಲೂ ಇರಲೇಬೇಕು, ಇಲ್ಲದಿದ್ದರೆ ಲೈನ್ ನಿಲ್ಲುತ್ತೆ. ಅದಕ್ಕೇ ಕಾರ್ಖಾನೆಯಲ್ಲಿ ರಿಲೀವರ್ ಅಂತ ಒಬ್ಬರನ್ನು ಇಟ್ಟಿರುತ್ತಾರೆ, ಶಿಫ್ಟ್ ಅದಲುಬದಲು ಮಾಡಿಕೊಳ್ಳುವ ಫಾರಂ ಇರುತ್ತೆ. ಲ್ಯಾಪ್‌ಟಾಪ್ ಕೆಲಸಕ್ಕೆ ಅಂಥದ್ದೇನೂ ಇರುವುದಿಲ್ಲ, ಯಾಕೆಂದರೆ ಅದು ನಿಲ್ಲದೆ ನಿಮ್ಮ ಹಿಂದೆಯೇ ಮನೆಗೆ ಬರುತ್ತೆ. ಹಾಗಾಗಿ ಮಗುವಿಗೆ ಹುಷಾರಿಲ್ಲದ ದಿನ ಕೇಳಿಕೊಳ್ಳಬೇಕಾದದ್ದು ಯಾರಿಗೆ ಮನೆಯಿಂದ ಮಾಡಲು ಆಗುತ್ತೆ ಅಂತಲ್ಲ, ಯಾರ ಕೆಲಸ ಅವರಿಗಾಗಿ ಕಾದುಕೊಂಡು ಕೂರುವುದಿಲ್ಲ ಅಂತ. ಎಲ್ಲ ಮನೆಯಲ್ಲೂ ಉತ್ತರ ಇದೇ ಬರುತ್ತೆ ಅಂತ ನಾನು ಹೇಳುತ್ತಿಲ್ಲ. ಕೆಲವು ಕಡೆ ರಿಲೀವರ್ ಹೆಸರಿಗೆ ಮಾತ್ರ ಇರುತ್ತಾರೆ, ದಿನಗೂಲಿಯವರಿಗೆ ರಜೆ ಅಂದರೆ ಆ ದಿನದ ಕೂಲಿಯೇ ಇಲ್ಲ. ಆದರೆ ಈ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲೇ ಇಲ್ಲ.

ನಾಲ್ಕು ವರ್ಷದಲ್ಲಿ ಒಂದು ಸಲವೂ ಮಗುವಿನ ಜ್ವರಕ್ಕೆ ಅಂತ ಶಿಫ್ಟ್ ಬದಲಾವಣೆ ಯಾಕೆ ಕೇಳಲಿಲ್ಲ ಅಂತ ತಂದೆಯನ್ನು ಕೇಳಿದೆ. "ಕೊಡಲ್ಲ ಅಂದ್ಕೊಂಡಿದ್ದೆ ಮೇಡಂ" ಅಂದರು. ಮುಂದಿನ ವಾರ ಕೇಳಿ ನೋಡಿದರು. ಅವರ ಮೇಲಿನವರು ಮೊದಲು ಹೇಳಿದ್ದು, "ಯಾಕ್ರೀ, ಮನೇಲಿ ಹೆಂಗಸರಿಲ್ವಾ?" ಆಮೇಲೆ ಫಾರಂ ನೋಡಿ, ಇನ್ನೊಬ್ಬ ಸೂಪರ್‌ವೈಸರ್ ಒಪ್ಪಿ ಸಹಿ ಹಾಕಿದರೆ ತಮ್ಮದೇನೂ ತಕರಾರಿಲ್ಲ ಅಂದರು. ಆ ಮೊದಲನೇ ಮಾತು ಕೇಳಿಸಿಕೊಂಡರೆ ಎಷ್ಟೋ ಗಂಡಸರು ಅಲ್ಲಿಂದಲೇ ವಾಪಸ್ ಬಂದುಬಿಡುತ್ತಾರೆ. ಇವರು ನಿಂತರು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ದೊಡ್ಡ ಕೆಲಸ ಅದೇ.

ನಿಯಮಗಳ ಕಡೆ ಒಂದು ನೋಟ

ನಮ್ಮ ಸಂಸ್ಥೆಯಲ್ಲಿ ಮಗುವಿನ ಕಾಯಿಲೆಗೆ ಅಂತ ಬೇರೆ ರಜೆ ಇಲ್ಲ. ಸಿ.ಎಲ್. (ಸಾಂದರ್ಭಿಕ ರಜೆ) ಇದ್ದರೆ ಸಿ.ಎಲ್., ಇಲ್ಲದಿದ್ದರೆ ಇ.ಎಲ್., ಅದೂ ಮುಗಿದರೆ ಸಂಬಳ ಕಟ್. ಬೇರೆ ಬೇರೆ ಕಡೆ ಹೇಗಿದೆ ಅಂತ ಆಗ ಒಂದಿಷ್ಟು ಓದಿದೆ. ಸ್ವೀಡನ್ನಿನಲ್ಲಿ 12 ವರ್ಷದೊಳಗಿನ ಒಂದು ಮಗುವಿಗೆ ವರ್ಷಕ್ಕೆ 120 ದಿನದವರೆಗೆ, ಸಂಬಳದ ಸುಮಾರು 80 ಶೇಕಡಾ ಪರಿಹಾರದ ಜೊತೆ, ಮನೆಯಲ್ಲಿರಬಹುದು. ಮೊದಲ ಏಳು ದಿನ ವೈದ್ಯರ ಸರ್ಟಿಫಿಕೇಟೂ ಬೇಡ. ಜರ್ಮನಿಯಲ್ಲಿ ಸರ್ಕಾರಿ ಆರೋಗ್ಯ ವಿಮೆ ಇರುವವರಿಗೆ 2024ರಿಂದ ಮಗುವೊಂದಕ್ಕೆ ಪ್ರತಿ ಪೋಷಕರಿಗೆ 15 ದಿನ, ಒಬ್ಬರೇ ಸಾಕುತ್ತಿದ್ದರೆ 30. ಜಪಾನಿನಲ್ಲಿ ವರ್ಷಕ್ಕೆ 5 ದಿನ, ಎರಡು ಅಥವಾ ಜಾಸ್ತಿ ಮಕ್ಕಳಿದ್ದರೆ 10. ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯಲ್ಲಿ ಇಂಥ ತುರ್ತಿಗೆ ಸಮಯ ತೆಗೆದುಕೊಳ್ಳುವ ಹಕ್ಕಿದೆ, ಆದರೆ ಸಂಬಳ ಇಲ್ಲ. ಇನ್ನೊಂದು ವಿಚಿತ್ರ ಅಂದರೆ ಅದರ ಉದ್ದೇಶ ಮುಖ್ಯವಾಗಿ ಮಗುವನ್ನು ನೋಡಿಕೊಳ್ಳಲು ಯಾರನ್ನಾದರೂ ಹೊಂದಿಸಿಕೊಳ್ಳುವುದು, ವಾರಗಟ್ಟಲೆ ನೀವೇ ಕೂತು ನೋಡಿಕೊಳ್ಳುವುದಲ್ಲ. ಅಮೆರಿಕದಲ್ಲಿ 1993ರ ಕಾಯ್ದೆ 12 ವಾರ ಕೊಡುತ್ತೆ, ಅದೂ ಸಂಬಳವಿಲ್ಲದೆ, ಕಾಯಿಲೆ ಗಂಭೀರವಾಗಿದ್ದರೆ ಮಾತ್ರ. ಸಾಮಾನ್ಯ ನೆಗಡಿ ಅದರಲ್ಲಿ ಬರುವುದಿಲ್ಲ. ಒಳ್ಳೆಯದೇನೆಂದರೆ ಅದನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದು.

ಭಾರತದ ಕೇಂದ್ರ ಸರ್ಕಾರಿ ನೌಕರರಿಗೆ ಚೈಲ್ಡ್ ಕೇರ್ ಲೀವ್ ಇದೆ. ಇಡೀ ಸೇವೆಯಲ್ಲಿ 730 ದಿನ, ಮೊದಲ ಇಬ್ಬರು ಮಕ್ಕಳಿಗೆ, ಮಗುವಿಗೆ 18 ತುಂಬುವವರೆಗೆ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಉಳಿದದ್ದಕ್ಕೆ 80 ಶೇಕಡಾ. ಕೇಳಿದರೆ ಹೊಟ್ಟೆಕಿಚ್ಚಾಗುವ ಹಾಗಿದೆ. ಆದರೆ ಒಂದು ಸಲಕ್ಕೆ 5 ದಿನಕ್ಕಿಂತ ಕಡಿಮೆ ಕೊಡುವಂತಿಲ್ಲ. ಮಗುವಿನ ಸಾಮಾನ್ಯ ಜ್ವರ ಮೂರು ದಿನದ್ದು, ರಜೆ ಐದು ದಿನದ್ದು! ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಕೆಮ್ಮು ಬರುವುದು ಮಾಮೂಲು. ಪರೀಕ್ಷೆ ಸಮಯಕ್ಕೋ ದೊಡ್ಡ ಕಾಯಿಲೆಗೋ ಈ ರಜೆ ಸರಿ, ಬೆಳಿಗ್ಗೆ ಎದ್ದಾಗ ಮೈ ಬಿಸಿ ಇರುವ ದಿನಕ್ಕೆ ಇದು ಹೊಂದುವುದಿಲ್ಲ. ಇನ್ನೊಂದು, ಇದು ಹೆಂಗಸರಿಗೆ, 2018ರಿಂದ ಒಂಟಿ ತಂದೆಗೂ ಇದೆ. ತಾಯಿ ಜೊತೆಗಿರುವ ಮನೆಯ ತಂದೆಗೆ ಇಲ್ಲ. ಅಂದರೆ ರಜೆ ಯಾರು ಹಾಕಬೇಕು ಅನ್ನುವ ಪ್ರಶ್ನೆಗೆ ಅಲ್ಲಿ ನಿಯಮವೇ ಉತ್ತರ ಕೊಟ್ಟು ಕೂತಿದೆ. ಜರ್ಮನಿಯ ಲೆಕ್ಕ ನನಗೆ ಹಿಡಿಸಿದ್ದು ಅದಕ್ಕೇ. ಅಪ್ಪನ ಪಾಲು ಅಪ್ಪನದು, ಅಮ್ಮನ ಪಾಲು ಅಮ್ಮನದು. ಕುಟುಂಬದ ಹೊಣೆ ಇರುವ ಕೆಲಸಗಾರರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲೇ 156ನೇ ಒಡಂಬಡಿಕೆ ತಂದಿತು. ಅದು ಮಾತಾಡುವುದು ಗಂಡು ಹೆಣ್ಣು ಇಬ್ಬರ ಬಗ್ಗೆಯೂ.

ಎರಡನೇ ಸಲ

ಈ ಸಲ ಕೈ-ಕಾಲು-ಬಾಯಿ ರೋಗ. ಬಾಯೊಳಗೆ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ, ಸ್ವಲ್ಪ ಜ್ವರ. ವೈರಸ್‌ನಿಂದ ಬರುವುದು, ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತೆ. ಮೊದಲ ವಾರ ಬೇರೆ ಮಕ್ಕಳಿಗೆ ಜಾಸ್ತಿ ಹರಡುತ್ತೆ, ಹಾಗಾಗಿ ಶಾಲೆಗೆ ಕಳಿಸುವ ಹಾಗಿಲ್ಲ. ಶನಿವಾರ ಗೊತ್ತಾದದ್ದು ಒಳ್ಳೆಯದಾಯಿತು. ವೈದ್ಯರನ್ನು ಅವರು ಈ ಸಲ ಔಷಧದ ಜೊತೆ ಇನ್ನೊಂದೂ ಕೇಳಿದರು, ಎಷ್ಟು ದಿನ ಮನೆಯಲ್ಲಿರಬೇಕಾಗಬಹುದು, ಯಾವಾಗ ಮತ್ತೆ ತೋರಿಸಬೇಕು ಅಂತ. ರಜೆ ಲೆಕ್ಕ ಹಾಕುವುದಕ್ಕೆ ಕಾಯಿಲೆಯ ಹೆಸರಿಗಿಂತ ಆ ಉತ್ತರ ಮುಖ್ಯ. ಕನಿಷ್ಠ ಒಂದು ವಾರ ಅಂದರು.

ಮುಂದಿನ ವಾರ ತಂದೆಗೆ ನೈಟ್ ಶಿಫ್ಟ್ ಇತ್ತು. ಹಗಲು ಹೇಗೂ ಮನೆಯಲ್ಲೇ ಇರ್ತೀನಲ್ಲ, ನಾನೇ ನೋಡಿಕೊಳ್ತೀನಿ, ರಜೆಯೇ ಬೇಡ ಅಂತ ಅವರು ಮೊದಲು ಅಂದರು. ಕೇಳುವುದಕ್ಕೆ ಚೆನ್ನಾಗಿದೆ. ತಾಯಿ ಒಪ್ಪಲಿಲ್ಲ. ರಾತ್ರಿಯಿಡೀ ಎದ್ದು ಬಂದವರು ಹಗಲು ಮಗು ನೋಡಿಕೊಂಡು ಮತ್ತೆ ರಾತ್ರಿ ಮಷೀನುಗಳ ನಡುವೆ ನಿಂತರೆ, ಅದನ್ನು ಐದು ದಿನ ಮಾಡಿದರೆ, ಅಪಾಯ ಮಗುವಿಗೂ ಹೌದು, ಅವರಿಗೂ ಹೌದು, ಅವರ ಕೈ ಕೆಳಗಿನವರಿಗೂ ಹೌದು. ನಿದ್ದೆಯನ್ನು ರಜೆ ಅಂತ ಎಣಿಸಬಾರದು.

ಕೊನೆಗೆ ಆದದ್ದು ಹೀಗೆ. ತಂದೆ ಇನ್ನೊಬ್ಬ ಸೂಪರ್‌ವೈಸರ್ ಜೊತೆ ಅದಲುಬದಲು ಮಾಡಿಕೊಂಡು ಆ ವಾರ ಸೆಕೆಂಡ್ ಶಿಫ್ಟ್ ತೆಗೆದುಕೊಂಡರು, ಮಧ್ಯಾಹ್ನ 2ರಿಂದ ರಾತ್ರಿ 10. ತಾಯಿ ಬೆಳಿಗ್ಗೆ 8ಕ್ಕೆ ಆಫೀಸಿಗೆ ಬಂದು 12ಕ್ಕೆ ಹೊರಡುವುದು, ಉಳಿದ ಅರ್ಧ ದಿನ ರಜೆ. ಐದು ಅರ್ಧ ದಿನ ಅಂದರೆ ಎರಡೂವರೆ ಇ.ಎಲ್. ತಂದೆಯ ಲೆಕ್ಕದಲ್ಲಿ ರಜೆ ಸೊನ್ನೆ. ಮೊದಲ ಸಲ ಇಬ್ಬರದೂ ಸೇರಿ ಎಂಟು ಹೋಗಿತ್ತು. ಕಾಯಿಲೆ ಬೇರೆ, ಅದರ ಗಂಭೀರತೆ ಬೇರೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಇಷ್ಟು ಉಳಿಯಿತು ಅನ್ನುವುದು ನ್ಯಾಯ ಅಲ್ಲ. ಆದರೆ ಬಾಕಿ ಉಳಿದ ಕೆಲಸವನ್ನು ಹೋಲಿಸಬಹುದು. ಈ ಸಲ ಬಾಕಿ ಬಹಳ ಕಡಿಮೆ ಇತ್ತು.

ಅದಕ್ಕೆ ಒಂದು ಕಾರಣ ಈ ಸಲದ ಮೆಸೇಜು. ಅದನ್ನು ಅವರ ಒಪ್ಪಿಗೆ ಪಡೆದು ಹಾಗೇ ಕೊಡುತ್ತಿದ್ದೇನೆ:

"ಸರ್, ಮಗಳಿಗೆ ಕೈ-ಕಾಲು-ಬಾಯಿ ರೋಗ ಬಂದಿದೆ, ಡಾಕ್ಟರ್ ಕನಿಷ್ಠ ಒಂದು ವಾರ ಅಂದಿದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ 8ರಿಂದ 12 ಆಫೀಸಿನಲ್ಲಿರುತ್ತೇನೆ, ಮಧ್ಯಾಹ್ನ ಅರ್ಧ ದಿನ ರಜೆ. ರಜೆಯ ಹೊತ್ತಿನಲ್ಲಿ ಲಾಗಿನ್ ಆಗುವುದಿಲ್ಲ. ಪೇಮೆಂಟ್ ಅಪ್ರೂವಲ್ ಅಷ್ಟೂ ಬೆಳಿಗ್ಗೆ ಮುಗಿಸುತ್ತೇನೆ, ವೆಂಡರ್ ಕರೆಗಳನ್ನು ಬೇರೆ ಯಾರಿಗಾದರೂ ಕೊಡಿ. ಮುಂದಿನ ವಾರದ ವಿಷಯ ಗುರುವಾರ ಹೇಳುತ್ತೇನೆ."

ಮ್ಯಾನೇಜರ್‌ಗೆ "ಲಾಗಿನ್ ಆಗುವುದಿಲ್ಲ" ಅನ್ನುವುದು ಸ್ವಲ್ಪ ಚುಚ್ಚಿತು, ನನ್ನ ಹತ್ತಿರ ಬಂದು ಗೊಣಗಿದರು. ರಜೆ ಅಂದರೆ ರಜೆ ತಾನೇ ಅಂದೆ. ಆದರೆ ಮೂರನೇ ದಿನಕ್ಕೆ ಅವರೇ ಹೇಳಿದರು, ಯಾವಾಗ ಸಿಗುತ್ತಾರೆ ಅಂತ ಖಚಿತವಾಗಿ ಗೊತ್ತಿದ್ದರೆ ಕೆಲಸ ಹಂಚುವುದು ಸುಲಭ ಅಂತ. ಮೊದಲ ಸಲ ತಾಯಿ ಇಡೀ ದಿನ "ಇದ್ದರು", ಆದರೆ ಕೇಳಿದ್ದಕ್ಕೆ ಉತ್ತರ ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಒಂದು ಹಾಳೆ ಫ್ರಿಜ್ ಮೇಲೆ ಅಂಟಿತು. ತಂದೆಯ ಐಡಿಯಾ, ಕಾರ್ಖಾನೆಯ ಲಾಗ್ ಬುಕ್ ಥರ. ಔಷಧ ಎಷ್ಟು ಗಂಟೆಗೆ, ಎಷ್ಟು ಎಂ.ಎಲ್., ಕುಡಿದದ್ದೆಷ್ಟು, ಮೂತ್ರ ಹೋಯಿತಾ, ಜ್ವರ ಎಷ್ಟು. ಬಾಯಲ್ಲಿ ಹುಣ್ಣಿದ್ದರೆ ಮಗು ನೀರು ಕುಡಿಯುವುದಕ್ಕೆ ಹಟ ಮಾಡುತ್ತೆ, ನೀರಿನಂಶ ಕಡಿಮೆಯಾಗುವುದೇ ಈ ಕಾಯಿಲೆಯಲ್ಲಿ ಮುಖ್ಯ ತೊಂದರೆ. ಇಬ್ಬರು ಪಾಳಿಯಲ್ಲಿ ನೋಡಿಕೊಳ್ಳುವಾಗ ಒಬ್ಬರು ಕೊಟ್ಟ ಡೋಸ್ ಇನ್ನೊಬ್ಬರಿಗೆ ಗೊತ್ತಾಗದೆ ಮತ್ತೆ ಕೊಟ್ಟುಬಿಡುವ ಅಪಾಯ ನಿಜವಾದದ್ದು. ಮಧ್ಯಾಹ್ನ ಒಬ್ಬರು ಬಂದು ಇನ್ನೊಬ್ಬರು ಹೊರಡುವ ಅವಸರದಲ್ಲಿ ಬಾಯಿಮಾತು ನಂಬುವುದಕ್ಕಾಗಲ್ಲ.

ಎಲ್ಲವೂ ಸಲೀಸಾಗಿತ್ತು ಅಂತ ಬರೆದರೆ ಸುಳ್ಳಾಗುತ್ತೆ. ಮಧ್ಯಾಹ್ನ ಹನ್ನೆರಡೂವರೆಯಿಂದ ರಾತ್ರಿ ಹತ್ತೂವರೆವರೆಗೆ ತಾಯಿ ಒಬ್ಬರೇ, ಕಿರಿಕಿರಿ ಮಾಡುವ ಮಗು ಜೊತೆ. ಗಂಡ ಹೆಂಡತಿ ಆ ವಾರ ಸರಿಯಾಗಿ ಕೂತು ಮಾತಾಡಿದ್ದೇ ಇಲ್ಲ. ಕ್ಯಾಂಟೀನಿನಲ್ಲಿ ತಂದೆಗೆ ಒಂದಿಷ್ಟು ತಮಾಷೆ ಮಾಡಿದರು. ಅದಲುಬದಲಿಗೆ ಒಪ್ಪಿದ ಸೂಪರ್‌ವೈಸರ್‌ಗೆ ಮುಂದೆ ಇವರೂ ಒಂದು ನೈಟ್ ವಾರ ಮಾಡಿಕೊಡಬೇಕು.

ಈಗ ಏನಾಗಿದೆ

ಮಗು ಎರಡನೇ ಸೋಮವಾರ ಶಾಲೆಗೆ ಹೋಯಿತು. ಜ್ವರ ಇರಲಿಲ್ಲ, ಗುಳ್ಳೆಗಳು ಒಣಗಿದ್ದವು. ಈ ವೈರಸ್ ಮಲದಲ್ಲಿ ಇನ್ನೂ ಕೆಲವು ವಾರ ಇರುತ್ತೆ, ಆದರೆ ಅಷ್ಟು ದಿನ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಾಗಲ್ಲ. ಕೈ ತೊಳೆಸುವುದೊಂದೇ ದಾರಿ ಅಂತ ವೈದ್ಯರು ಹೇಳಿ ಕಳಿಸಿದ್ದರು.

ನಮ್ಮ ಕಡೆ ಒಂದು ಸಣ್ಣ ಬದಲಾವಣೆ ಮಾಡಿದೆವು. ಮನೆಯವರ ಕಾಯಿಲೆ ಅಂತ ಕಾರಣ ಕೊಟ್ಟು ಮನೆಯಿಂದ ಕೆಲಸ ಕೇಳಿದರೆ, ಆ ದಿನ ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ರಜೆ ಅಂತ ಬರೆಯಲೇಬೇಕು. ಪೂರ್ತಿ ದಿನದ ಹಾಜರಿ ಹಾಕುವಂತಿಲ್ಲ. ಕೆಲವರಿಗೆ ಇದು ಇಷ್ಟವಾಗಿಲ್ಲ, ಸುಮ್ನೆ ರಜೆ ಕತ್ತರಿಸುವುದಕ್ಕೆ ಮಾಡಿದ್ದು ಅಂತ ಅಂದುಕೊಂಡಿದ್ದಾರೆ. ಅವರ ಅನುಮಾನ ಪೂರ್ತಿ ತಪ್ಪು ಅಂತ ಹೇಳಲಾರೆ, ಮಗುವಿನ ಕಾಯಿಲೆಗೆ ಬೇರೆ ರಜೆ ಕೊಡದೆ ಇಂಥ ನಿಯಮ ಮಾತ್ರ ತಂದರೆ ಯಾರಿಗಾದರೂ ಹಾಗೇ ಅನ್ನಿಸುತ್ತೆ. ವರ್ಷಕ್ಕೆ ಒಂದಿಷ್ಟು ದಿನ ಬೇರೆಯಾಗಿ ಕೊಡಿ, ಅರ್ಧ ದಿನದ ಲೆಕ್ಕದಲ್ಲೂ ಕೊಡಿ, ಅಪ್ಪಂದಿರಿಗೂ ಕೊಡಿ ಅಂತ ನಾನು ಬರೆದುಕೊಟ್ಟ ಟಿಪ್ಪಣಿ ಇನ್ನೂ ಮೇಲೆ ಕೂತಿದೆ.

ಆ ಮನೆಯಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ನೈಟ್ ಶಿಫ್ಟ್ ವಾರ. ಅದಲುಬದಲಿಗೆ ಯಾರೂ ಸಿಗದಿದ್ದರೆ, ಆ ವಾರವೇ ಜ್ವರ ಬಂದರೆ, ತಾಯಿ ಪೂರ್ತಿ ರಜೆ ಹಾಕುವುದು, ಲ್ಯಾಪ್‌ಟಾಪ್ ತೆಗೆಯದಿರುವುದು ಅಂತ ಸದ್ಯಕ್ಕೆ ಮಾತಾಗಿದೆ. ಅದಕ್ಕಾಗಿ ವರ್ಷದ ಕೊನೆಯವರೆಗೆ ನಾಲ್ಕು ಇ.ಎಲ್. ಮುಟ್ಟದೆ ಇಟ್ಟುಕೊಂಡಿದ್ದಾರೆ.